ವಾಪಸ್ ಬರುವಾಗ

ಹೋಗಿಬಂದು ಮೂರು ತಿಂಗಳಾಯಿತು. ಗಾಡಿ ತೊಳೆದಾಯಿತು, ಸೈಲೆನ್ಸರಿನ ಮಸಿ ಕೆರೆದಾಯಿತು, ಮಳೆಯಂಗಿ ಮಡಿಸಿ ಅಟ್ಟಕ್ಕೆ ಹಾಕಿಯೂ ಆಯಿತು. ಕೊಟ್ಟಿಗೆಹಾರದ ಆ ಹೋಟೆಲಿನ ಸೂರು ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಹೆಂಚಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಅದರ ಕೆಳಗೆ ಒಂದು ಬಟ್ಟೆಯ ಕೈಚೀಲ, ಪಕ್ಕದಲ್ಲಿ ನೀಲಿ ಬಾರಿನ ಹವಾಯಿ ಚಪ್ಪಲಿ, ಮುಷ್ಟಿಯಲ್ಲಿ ಬಿಗಿಹಿಡಿದ ಒಂದು ನಿಂಬೆಹಣ್ಣು. ಆ ಅಜ್ಜಿಯ ಹೆಸರನ್ನೂ ನಾನು ಕೇಳಲಿಲ್ಲ.

ಗಾಡಿ ನನ್ನದಲ್ಲ, ಅಪ್ಪನದು. 1984ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಇದರ ಪರಿಚಯ ಮಾಡಿಕೊಡುವುದು ಅವರ ಮನೆ ನಾಯಿಯ ಹೆಸರನ್ನು ಅವರಿಗೇ ಹೇಳಿದಂತೆ. ಉಳಿದವರಿಗಾಗಿ ಎರಡು ಮಾತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ, ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಮೊದಮೊದಲು ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನೇ ಇಲ್ಲಿ ತಯಾರಿಸುತ್ತಿದ್ದರು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಗೇಟಿಗೆ ಬೀಗ ಬಿತ್ತು. ನಮ್ಮ ಬೀದಿಯಲ್ಲೇ ಆರು ಮನೆಯವರು ಅಲ್ಲಿ ಕೆಲಸಕ್ಕಿದ್ದರು. ಅಪ್ಪ ಇರಲಿಲ್ಲ, ಅವರು ಹೈಸ್ಕೂಲು ಮೇಷ್ಟರು. ಆದರೆ ಗಾಡಿ ಕೆಟ್ಟರೆ ಪಾಳಿ ಮುಗಿಸಿ ಬಂದ ಯಾರಾದರೊಬ್ಬರು ನಮ್ಮ ಜಗುಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾರ್ಬೊರೇಟರ್ ಬಿಚ್ಚುತ್ತಿದ್ದರು. ಅಮ್ಮ ಕಾಫಿ ಕೊಡುತ್ತಿದ್ದಳು. ದುಡ್ಡಿನ ಮಾತು ಎತ್ತಿದರೆ ಅವರಿಗೆ ಬೇಜಾರು.

ಅಪ್ಪ ಹೋದ ಮೇಲೆ ಗಾಡಿ ನಾಲ್ಕು ವರ್ಷ ಹಿತ್ತಲ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ತಮ್ಮ ಗುಜರಿಗೆ ಹಾಕೋಣ ಅಂದ. ನಾನು ಅಲ್ಲಿಯವರೆಗೆ ಓಡಿಸಿದ್ದು ಕಾಲೇಜಿನ ದಿನಗಳಲ್ಲಿ ಲೂನಾ, ಆಮೇಲೆ ಗೇರಿಲ್ಲದ ಸ್ಕೂಟರು. ನಲವತ್ತೇಳನೆಯ ವಯಸ್ಸಿಗೆ, ಮಗಳು ಹಾಸ್ಟೆಲಿಗೆ ಹೋದ ವಾರ, ಯಾಕೋ ಹಟ ಬಂತು. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರು, ಅದೂ ಎಡಗಡೆ. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದು ಕಿಕ್ಕರು. ಒತ್ತುವುದು ಒಂದಿಷ್ಟು ತಪ್ಪಿದರೆ ಮೊಣಕಾಲಿನ ಕೆಳಗಿನ ಮೂಳೆಗೆ ಅದು ಕೊಡುವ ಏಟಿಗೆ ಕಣ್ಣಲ್ಲಿ ನೀರು ಬರುತ್ತದೆ. ನನ್ನ ಎಡಗಾಲಿನಲ್ಲಿ ಕಲೆ ಈಗಲೂ ಇದೆ. ಅಪ್ಪನ ಕಾಲಲ್ಲೂ ಅದೇ ಜಾಗದಲ್ಲಿ ಇತ್ತು.

ಉಜಿರೆಯಲ್ಲಿ ಗೆಳತಿ ಮನೆ ಕಟ್ಟಿಸಿದ್ದಳು. ಸೆಪ್ಟೆಂಬರ್ ನಡುವೆ, ಮಳೆ ಹೊರಡಲೋ ಇರಲೋ ಎಂದು ಹೊಸಿಲಲ್ಲಿ ನಿಂತಿದ್ದಾಗ, ಒಬ್ಬಳೇ ಹೊರಟೆ. ಇದೇ ದಾರಿಯಲ್ಲಿ ಕಾರಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಪ್ರಯಾಣಗಳಲ್ಲಿ ನೆನಪಿರುವುದು ಗಾಜು ಏರಿಸಿ ಎಸಿ ಹಾಕಿದ್ದು, ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಒಡೆದದ್ದು, ಹಾಸನ ಬಂತಾ ಎಂದು ಕೇಳಿದ್ದು. ಕಾರಿನಲ್ಲಿ ಊರುಗಳು ಬೋರ್ಡಿನಿಂದ ಗೊತ್ತಾಗುತ್ತವೆ. ಬೈಕಿನಲ್ಲಿ ಮೂಗಿನಿಂದ. ಕೆ.ಆರ್. ನಗರದ ಸುತ್ತಿನ ಗದ್ದೆಗಳ ಕೆಸರುವಾಸನೆ ಮುಗಿಯುತ್ತಿದ್ದಂತೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಶುರುವಾದವು. ಆ ತಿಂಗಳು ಅವಕ್ಕೆ ಹಗಲು ರಾತ್ರಿ ಬೆಂಕಿ. ಸಿಗರೇಟಿನ ವಾಸನೆ ಅಲ್ಲ ಅದು. ಒಣದ್ರಾಕ್ಷಿಯನ್ನು ಬೆಲ್ಲದ ಪಾಕದಲ್ಲಿ ತಳ ಹಿಡಿಸಿದಂತೆ ಸಿಹಿಯಾದ, ಗಂಟಲಿಗೆ ಅಂಟುವ ಕಂಪು. ಹೊಳೆನರಸೀಪುರದಲ್ಲಿ ಹೇಮಾವತಿ ಸೇತುವೆ ಹತ್ತಿದ ಕೂಡಲೇ ಮೈಗೆ ತಣ್ಣನೆಯ ಪಟ್ಟಿಯೊಂದು ಸುತ್ತಿಕೊಂಡಿತು, ಸೇತುವೆ ಮುಗಿದ ಕೂಡಲೇ ಬಿಟ್ಟಿತು. ನದಿಗೆ ತನ್ನದೇ ಹವೆ ಇದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಊರಾಚೆಯ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಟೀ. ಪಂಚೆ ಮೇಲೆತ್ತಿ ಕಟ್ಟಿದ್ದ ಹಿರಿಯರೊಬ್ಬರು ದೂರದಿಂದಲೇ ಸದ್ದು ಕೇಳಿ ಎದ್ದು ಬಂದಿದ್ದರು.

“ಎಜ್ಡಿ ಅಲ್ವೇನವ್ವ?”

“ಹೂಂ, ನಮ್ಮಪ್ಪಂದು.”

ಅವರು ಸುತ್ತು ಹಾಕಿದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಇರುವುದನ್ನು ಪಕ್ಕದ ಹುಡುಗನಿಗೆ ತಾವೇ ವಿವರಿಸಿದರು. ಟ್ಯಾಂಕಿನ ಮೇಲೆ ಅಂಗೈ ಇಟ್ಟರು, ಎತ್ತಿನ ಭುಜದ ಮೇಲೆ ಇಡುವ ಹಾಗೆ. ಆಮೇಲೆ ಈ ದೇಶದಲ್ಲಿ ಯಾವ ಗಾಡಿ ಕಂಡರೂ ಯಾರೂ ಕೇಳದೆ ಬಿಡದ ಪ್ರಶ್ನೆ ಕೇಳಿದರು: “ಎಷ್ಟು ಕೊಡ್ತದೆ?”

“ಇಪ್ಪತ್ತೈದು.”

“ಅಯ್ಯೋ ತಾಯಿ, ಇದ್ಕಿಂತ ಎಮ್ಮೆ ಸಾಕೋದು ವಾಸಿ,” ಅಂದವರು ಟೀ ದುಡ್ಡು ಮಾತ್ರ ನನ್ನಿಂದ ಕೊಡಿಸಲಿಲ್ಲ.

ಕಾರಿನಿಂದ ಇಳಿದವಳಿಗೆ ಯಾರೂ ಹೀಗೆ ಟೀ ಕುಡಿಸಿದ ನೆನಪಿಲ್ಲ. ಕಾರಿನವರು ಗಿರಾಕಿಗಳು. ಬೈಕಿನವರು ದಾರಿಹೋಕರು, ಕೈಗೆ ಸಿಗುವವರು; ಮಳೆ ಬಂದರೆ ನೆನೆಯುತ್ತಾರೆ, ಬಿದ್ದರೆ ಏಟಾಗುತ್ತದೆ ಎಂದು ನೋಡಿದ ಕೂಡಲೇ ಯಾರಿಗಾದರೂ ಅರ್ಥವಾಗುತ್ತದೆ. ಹಾಗಾಗಿ ಮಾತಾಡಿಸುತ್ತಾರೆ. ಬೈಕಿನ ದೊಡ್ಡ ಅನುಕೂಲ ವೇಗವೂ ಅಲ್ಲ, ಟ್ರಾಫಿಕ್ಕಿನಲ್ಲಿ ನುಸುಳುವುದೂ ಅಲ್ಲ, ಈ ಬಡತನ ಎಂದು ನನಗೆ ಅನ್ನಿಸಿದ್ದು ಅಲ್ಲೇ. ಹಾಗೆ ಅನ್ನಿಸಿದ್ದಕ್ಕೆ ಒಂದು ಸುಂಕ ಇದೆ ಎಂದು ಆಗ ಗೊತ್ತಿರಲಿಲ್ಲ.

ಬೇಲೂರಿನಲ್ಲಿ ಚೆನ್ನಕೇಶವನಿಗೆ ದೂರದಿಂದಲೇ ಕೈಮುಗಿದು ಮುಂದೆ ಹೊರಟ ಮೇಲೆ ರಸ್ತೆ ಬಳುಕಲು ಶುರುವಾಯಿತು. ಜೋಳದ ಹೊಲ ಕಡಿಮೆಯಾಗಿ ಸಿಲ್ವರ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಚಳಿ ಮೊದಲು ತಿಳಿಯುವುದು ಮೊಣಕಾಲಿಗೆ. ತಿರುವುಗಳಲ್ಲಿ ಬೈಕು ಓಡಿಸುವುದು ಎಂಥದೆಂದು ಓಡಿಸದವರಿಗೆ ಹೇಳುವುದು ಕಷ್ಟ, ಓಡಿಸುವವರಿಗೆ ಹೇಳುವ ಅಗತ್ಯವಿಲ್ಲ. ಆದರೂ ಒಂದು ವಿಚಿತ್ರ ಹೇಳಬೇಕು. ವೇಗದಲ್ಲಿದ್ದಾಗ ಎಡಕ್ಕೆ ಹೊರಳಬೇಕಾದರೆ ಎಡಗೈಯ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಚಕ್ರ ಒಂದು ಗಳಿಗೆ ಬಲಕ್ಕೆ ತಿರುಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ. ಯೋಚಿಸಿ ಮಾಡಲು ಹೋದರೆ ಬೀಳುತ್ತೀರಿ. ಮೈ ಅದನ್ನು ಯಾರಿಗೂ ಹೇಳದೆ ಕಲಿತುಕೊಂಡಿರುತ್ತದೆ. ಇನ್ನೊಂದು, ಕಣ್ಣು ಹೋದಲ್ಲಿಗೆ ಗಾಡಿ. ಗುಂಡಿ ತಪ್ಪಿಸಬೇಕೆಂದು ಗುಂಡಿಯನ್ನೇ ನೋಡಿದರೆ ಸೀದಾ ಗುಂಡಿಗೇ. ತಿರುವಿನ ಆಚೆ ಕೊನೆಯನ್ನು ನೋಡುತ್ತಿರಬೇಕು, ಇನ್ನೂ ಕಾಣದಿದ್ದರೂ.

ಈ ಕೆಲಸದಲ್ಲಿ ತಲೆಗೆ ಬೇರೆ ಜಾಗ ಇರುವುದಿಲ್ಲ. ತಿದ್ದದೆ ಉಳಿದ ಉತ್ತರಪತ್ರಿಕೆ, ಸಾಲದ ಕಂತು, ಅಣ್ಣತಮ್ಮಂದಿರ ಸೈಟಿನ ಜಗಳ, ಯಾವುದೂ ಒಳಗೆ ಬರಲಾಗದೆ ಹೆಲ್ಮೆಟ್ಟಿನ ಹೊರಗೇ ಕಾಯುತ್ತವೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಬೈಕಿನವರಿಗೆ ತಂತಿಗಳನ್ನು ಅಂಟಿಸಿ ನೋಡಿದ್ದರು: ಇಪ್ಪತ್ತು ನಿಮಿಷದ ಸವಾರಿಯಲ್ಲಿ ಎದೆಬಡಿತ ಶೇ. 11ರಷ್ಟು ಏರಿ, ಒತ್ತಡದ ಹಾರ್ಮೋನಿನ ಅಳತೆ ಶೇ. 28ರಷ್ಟು ಇಳಿದಿತ್ತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಹಾರ್ಲೆ-ಡೇವಿಡ್‌ಸನ್ ಕಂಪನಿ. ಬೆಲ್ಲದ ವ್ಯಾಪಾರಿಯೇ ಇರುವೆಗಳ ಆರೋಗ್ಯ ಪರೀಕ್ಷೆ ಮಾಡಿಸಿದ ಹಾಗೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು, ಇಂಥ ಅಂಕಿಗಳನ್ನು ಕಂಡರೆ ಮೊದಲು ನೋಡುವುದು ಚೆಕ್ಕಿನ ಸಹಿ. ಆದರೂ ಅಂಕಿ ಸುಳ್ಳು ಅನ್ನಿಸುವುದಿಲ್ಲ.

ಮೂಡಿಗೆರೆಗೆ ಇನ್ನೂ ನಾಲ್ಕಾರು ಮೈಲಿ ಇದ್ದಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಇದು ಟೂ-ಸ್ಟ್ರೋಕ್ ಗಾಡಿ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ನಾನು ಲೀಟರಿಗೆ ನಲವತ್ತು ಮಿಲಿ ಹಾಕುತ್ತೇನೆ. ಚೂರು ಹೆಚ್ಚಾದರೂ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ರಸ್ತೆಬದಿಗೆ ತಳ್ಳಿ, ಸ್ಪ್ಯಾನರ್ ಹುಡುಕುತ್ತಿದ್ದಾಗ ತೋಟದೊಳಗಿಂದ ನಾಲ್ಕು ಜನ ಹೆಂಗಸರು ಬಂದರು. ಕಳೆ ಕೀಳುವ ಕೆಲಸಕ್ಕೆ ಬಂದವರು, ತಲೆಯ ಮೇಲಿಂದ ಮೊಣಕಾಲಿನ ತನಕ ಪ್ಲಾಸ್ಟಿಕ್ ಗೊಪ್ಪೆ. ನಾನು ಪ್ಲಗ್ ಬಿಚ್ಚುವುದನ್ನು ಹೆರಿಗೆ ನೋಡುವಷ್ಟು ಗಂಭೀರವಾಗಿ ನೋಡಿದರು. ಉಜ್ಜಲು ಮರಳುಕಾಗದ ಇಲ್ಲ ಎಂದಾಗ ಒಬ್ಬಾಕೆ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರುವ ಬದಿಯನ್ನು ತೋರಿಸಿ, “ಇದ್ರಲ್ಲಿ ತಿಕ್ಕಿ ಅಕ್ಕ. ನಮ್ಮನೆಯವ್ರು ಇದ್ರಲ್ಲೇ ತಿಕ್ಕದು,” ಅಂದಳು. ತಿಕ್ಕಿದೆ. ಅವರಿಗೆ ಊಟದ ಹೊತ್ತು. ಡಬ್ಬಿಯ ಮುಚ್ಚಳದಲ್ಲಿ ಅಕ್ಕಿರೊಟ್ಟಿ, ಮೇಲೆ ಕಳಲೆ ಪಲ್ಯ ಇಟ್ಟು ಕೊಟ್ಟರು. ನಮ್ಮ ಕಡೆ ಅಕ್ಕಿರೊಟ್ಟಿಗೆ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಎಲ್ಲ ಕಲಸಿ ತಟ್ಟುತ್ತೇವೆ, ರೊಟ್ಟಿ ತಾನೇ ಒಂದು ಊಟ. ಇವರದು ಬೆಂದ ಅನ್ನ ಕಲಸಿ ಮಾಡಿದ ಬಿಳೀ ರೊಟ್ಟಿ, ಮೆತ್ತಗೆ, ಉಪ್ಪು ಬಿಟ್ಟರೆ ಏನಿಲ್ಲ. ಎಲ್ಲವನ್ನೂ ಪಲ್ಯಕ್ಕೆ ಬಿಟ್ಟುಕೊಟ್ಟ ರೊಟ್ಟಿ. ಮೂರು ದಿನ ನೀರಲ್ಲಿ ನೆನೆದ ಎಳೆಬಿದಿರಿನ ಒಗರು ಬೆರಳಿನಿಂದ ಸಂಜೆಯವರೆಗೂ ಹೋಗಲಿಲ್ಲ.

ಗಾಡಿ ಎರಡನೇ ಕಿಕ್ಕಿಗೆ ಹತ್ತಿಕೊಂಡಾಗ ಬೆಂಕಿಪೊಟ್ಟಣದಾಕೆ ಚಪ್ಪಾಳೆ ಹೊಡೆದಳು.

ಕೊಟ್ಟಿಗೆಹಾರ ತಲುಪಿದಾಗ ಮಧ್ಯಾಹ್ನ, ಆದರೆ ಮಂಜಿನಲ್ಲಿ ಹೊತ್ತು ಹೇಳುವುದು ಹೇಗೆ? ಬಸ್ಸುಗಳು ದೀಪ ಹಾಕಿಕೊಂಡು ಮೊದಲು ಸದ್ದಾಗಿ, ಆಮೇಲೆ ಹಳದಿ ಕಣ್ಣಾಗಿ, ಕೊನೆಗೆ ಬಸ್ಸಾಗಿ ಬರುತ್ತಿದ್ದವು. ಈ ಊರಲ್ಲಿ ನೀರುದೋಸೆ ತಿನ್ನದೆ ಚಾರ್ಮಾಡಿ ಘಾಟಿ ಇಳಿಯುವುದು ಶಾಸ್ತ್ರಕ್ಕೆ ವಿರುದ್ಧ. ಲೇಖಕ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇಲ್ಲೇ. ಅವರ ಕಾದಂಬರಿಯಲ್ಲಿ ಹಾರುವ ಓತಿಯ ಹಿಂದೆ ಬಿದ್ದವರ ಕಥೆ ಓದಿದ ಹದಿನಾರನೆಯ ವಯಸ್ಸಿನಿಂದ ಈ ಮಂಜು ನನಗೆ ಗೊತ್ತು ಎಂದೇ ಅಂದುಕೊಂಡಿದ್ದೆ. ಬೆಂಗಳೂರಿನ ಹುಡುಗರ ಒಂದು ದಂಡು ದೊಡ್ಡ ದೊಡ್ಡ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಹೆಲ್ಮೆಟ್ಟಿಗೆ ಅಂಟಿಸಿದ ಕ್ಯಾಮೆರಾಗಳಲ್ಲಿ ಆ ಮಂಜನ್ನು ಚಿತ್ರಿಸುತ್ತಿತ್ತು. ಮಂಜಿನಲ್ಲಿ ಏನೂ ಕಾಣುವುದಿಲ್ಲ ಎಂಬುದನ್ನು ಅಷ್ಟು ಖರ್ಚಿನಲ್ಲಿ ಯಾಕೆ ಚಿತ್ರಿಸಬೇಕೋ.

ಹೋಟೆಲಿನ ಸೂರಿನ ಕೆಳಗೆ ಅಜ್ಜಿ ಕೂತಿದ್ದರು. ಎಪ್ಪತ್ತರ ಮೇಲೆ ಇರಬಹುದು. ನಾನು ಹೆಲ್ಮೆಟ್ ತೆಗೆದು ಕೂದಲು ಕೊಡವಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

“ಹೆಣ್ಣಾ! ನಾನು ಗಂಡ್ಸು ಅಂತ ಮಾಡಿದ್ದೆ. ಒಬ್ಳೇ ಬಂದದ್ದಾ ಮಾರಾಯ್ತಿ?”

ಒಬ್ಬಳೇ ಅಂದೆ. ಗಂಡ ಏನೂ ಅನ್ನುವುದಿಲ್ಲವಾ ಎಂದು ಕೇಳಿದರು. ಅನ್ನುತ್ತಾರೆ ಅಂದೆ. ಇಬ್ಬರೂ ನಕ್ಕೆವು. ಬಣಕಲ್ ಕಡೆಯ ಯಾವುದೋ ಎಸ್ಟೇಟಿನ ಲೈನ್‌ಮನೆಯಲ್ಲಿ ವಾಸ, ಮಗಳನ್ನು ಕೊಟ್ಟದ್ದು ಘಾಟಿ ಕೆಳಗೆ ಕಕ್ಕಿಂಜೆಗೆ, ಅವಳನ್ನು ನೋಡಲು ಹೊರಟಿದ್ದಾರೆ, ಬಸ್ಸು ಬಂದಿಲ್ಲ. ಇಷ್ಟೂ ನನ್ನ ಮೂರನೇ ದೋಸೆ ಮುಗಿಯುವುದರೊಳಗೆ ಗೊತ್ತಾಯಿತು. ಮುಷ್ಟಿಯಲ್ಲಿದ್ದ ನಿಂಬೆಹಣ್ಣನ್ನು ಆಗಾಗ ಮೂಗಿಗೆ ಹಿಡಿಯುತ್ತಿದ್ದರು, ಬಸ್ಸು ಹತ್ತುವ ಮೊದಲೇ.

“ನಿಂಗೆ ಇದ್ರಲ್ಲಿ ವಾಂತಿ ಬರದಿಲ್ವಾ?”

ಬೈಕಿನಲ್ಲಿ ಯಾರಿಗೂ ವಾಂತಿ ಬರುವುದಿಲ್ಲ ಅಜ್ಜಿ, ಗಾಡಿ ವಾಲಿದ ಕಡೆಗೇ ಮೈಯೂ ವಾಲುತ್ತದಲ್ಲ, ಅಂದೆ. ಅವರು ಅದನ್ನು ಸ್ವಲ್ಪ ಹೊತ್ತು ಯೋಚಿಸಿದರು.

“ಮೂವತ್ತು ವರ್ಷ ಆಯ್ತು ಈ ಘಾಟಿ ಇಳಿದು ಹತ್ತದು. ಹೆಂಗಿದೆ ಅಂತ ನಾನು ನೋಡೇ ಇಲ್ಲ. ಬಸ್ ಹತ್ತಿದ್ ಕೂಡ್ಲೇ ಕಣ್ಣು ಮುಚ್ಕೊಳದು. ಬಿಟ್ರೆ ಹೊಟ್ಟೆ ತೊಳಸ್ತದೆ. ಅಣ್ಣಪ್ಪಸ್ವಾಮಿ ಗುಡಿ ಹತ್ರ ಗಂಟೆ ಕೇಳ್ತದಲ್ಲ, ಆಗ ಕಣ್ಮುಚ್ಚೇ ಕೈ ಮುಗಿಯದು.”

ಆಮೇಲೆ ನನ್ನ ಗಾಡಿಯ ಹಿಂದಿನ ಸೀಟನ್ನು ನೋಡಿ, “ನಾನೂ ಹತ್ಲಾ?” ಅಂದರು.

ನನ್ನ ಹತ್ತಿರ ಕಾರಣಗಳಿದ್ದವು, ಒಂದೂ ನೆಪವಲ್ಲ. ಎರಡನೇ ಹೆಲ್ಮೆಟ್ ಇರಲಿಲ್ಲ. ರಸ್ತೆ ಒದ್ದೆ. ಯೆಜ್ಡಿಯದು ಹಳೇ ಡ್ರಮ್ ಬ್ರೇಕು, ಉದ್ದದ ಇಳಿಜಾರಿನಲ್ಲಿ ಬಿಸಿಯಾದರೆ ಹಿಡಿತ ಸಡಿಲವಾಗುತ್ತದೆ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ಹೋದದ್ದು ದ್ವಿಚಕ್ರದ ಮೇಲಿಂದ. ಈ ಅಂಕಿಯನ್ನು ನಾನು ತರಗತಿಯಲ್ಲಿ ಹೇಳಿಕೊಡುತ್ತೇನೆ. ಬೈಕಿನ ಸುಖದ ಬಗ್ಗೆ ಬರೆಯುವವರು ಅದನ್ನು ಹೇಳದೆ ಹೋಗುವುದು ನನಗೆ ಮೋಸ ಅನ್ನಿಸುತ್ತದೆ.

“ಈಗ ಬೇಡ ಅಜ್ಜಿ, ನಿಮಗೆ ಹೆಲ್ಮೆಟ್ ಇಲ್ಲ. ವಾಪಸ್ ಬರುವಾಗ ಕರ್ಕೊಂಡು ಹೋಗ್ತೀನಿ.”

ಬಾಯಿಂದ ಬಂದ ಮಾತು ಅದು. ಹೋಗಿ ಬರುತ್ತೇನೆ, ಆಮೇಲೆ ನೋಡೋಣ, ಊಟಕ್ಕೆ ಬನ್ನಿ ಎನ್ನುವ ಹಾಗೆ. ಅಜ್ಜಿ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

“ಯಾವತ್ತು ನೀನು ಬರದು?”

“ನಾಡಿದ್ದು.”

“ನಾನೂ ನಾಡಿದ್ದೇ. ಹತ್ತು ಗಂಟೆಗೆ ಕಕ್ಕಿಂಜೆ ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೇನೆ.” ನನ್ನ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡು, ಒಳಗೆ ಇಣುಕಿ, ತಮ್ಮ ತುರುಬನ್ನು ಮುಟ್ಟಿ ನೋಡಿಕೊಂಡರು. “ತುರುಬಿದ್ರೆ ಇದು ಕೂರದಿಲ್ಲ ಅಲ್ವಾ? ಜಡೆ ಹಾಕ್ಕೊಂಡು ಬರ್ತೇನೆ.”

ಬಸ್ಸು ಬಂತು. ಹತ್ತುವಾಗ ನಿಂಬೆಹಣ್ಣು ಮೂಗಿನ ಹತ್ತಿರ ಹೋಗಿತ್ತು.

ಚಾರ್ಮಾಡಿ ಇಳಿಯುವಾಗ ಟೂ-ಸ್ಟ್ರೋಕ್ ಗಾಡಿಯವರಿಗೆ ಒಂದು ಗುಟ್ಟು ಗೊತ್ತಿರಬೇಕು. ಇಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಇಳಿಜಾರು ಅಂತ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟುಕೊಂಡು ಹೋದರೆ ಪೆಟ್ರೋಲೂ ಸಾಲದು, ಆಯಿಲೂ ಸಾಲದು, ಇಂಜಿನ್ ಮಾತ್ರ ಒಣಗಿ ತಿರುಗುತ್ತಿರುತ್ತದೆ. ಆಗಾಗ, ಬೇಡದಿದ್ದರೂ, ಒಂದೊಂದು ಸಲ ಆಕ್ಸಿಲರೇಟರ್ ತಿರುಚಬೇಕು. ಅಪ್ಪ ಚಾಮುಂಡಿಬೆಟ್ಟ ಇಳಿಯುವಾಗ ಹಾಗೆ ಮಾಡುತ್ತಿದ್ದರು. ಟ್ಯಾಂಕಿನ ಮೇಲೆ ಕೂತಿರುತ್ತಿದ್ದ ನಾನು ಅದನ್ನು ಆಟ ಅಂದುಕೊಂಡಿದ್ದೆ.

ಎರಡು ತಿರುವು ಇಳಿದ ಮೇಲೆ ಮಂಜು ಒಮ್ಮೆಲೇ ಹರಿಯಿತು. ಎಡಕ್ಕೆ ಕಣಿವೆ ತೆರೆದುಕೊಂಡು, ಎದುರಿನ ಬೆಟ್ಟದ ತುಂಬ ಬಿಳಿ ಗೆರೆಗಳು. ಹೆಸರಿರುವ ಜಲಪಾತಗಳಲ್ಲ, ಮಳೆಗಾಲಕ್ಕೆ ಹುಟ್ಟಿ ದೀಪಾವಳಿಯ ಹೊತ್ತಿಗೆ ಇಲ್ಲವಾಗುವವು. 2019ರ ಆಗಸ್ಟಿನ ಮಳೆಗೆ ಈ ಘಾಟಿ ಕುಸಿದು ಸಂಚಾರಕ್ಕೆ ಮುಚ್ಚಿತ್ತು. ಆ ಗಾಯದ ಕೆಂಪುಮಣ್ಣು, ಅದಕ್ಕೆ ಕಟ್ಟಿದ ಗೋಡೆಗಳು ಅಲ್ಲಲ್ಲಿ ಕಾಣುತ್ತಿದ್ದವು. ಪ್ರತಿ ತಿರುವಿಗೂ ಗಾಳಿ ಒಂದೊಂದು ಮಡಿಕೆ ಬೆಚ್ಚಗಾಗುತ್ತಿತ್ತು. ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಲಾರಿಯವರ ಜೊತೆ ನಿಂತು ಕಾಣಿಕೆ ಹಾಕಿದೆ. ಕಣ್ಣು ತೆರೆದೇ ಕೈಮುಗಿದೆ. ಮುಂದೆ ಹೋಗುತ್ತಿದ್ದ ಬಸ್ಸನ್ನು ಕೆಳಗೆಲ್ಲೋ ಹಿಂದೆ ಹಾಕಿದೆ. ಕಿಟಕಿಯಲ್ಲಿ ಅಜ್ಜಿ ಕಂಡರು, ತಲೆ ಸರಳಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು.

ಉಜಿರೆಯ ಎರಡು ದಿನಗಳನ್ನು ಬಿಡುತ್ತೇನೆ. ಮರಕೆಸುವಿನ ಪತ್ರೊಡೆಯನ್ನು ಮಾತ್ರ ಬಿಡಲಾರೆ: ಹುಣಸೆ, ಬೆಲ್ಲ, ಅಕ್ಕಿಯ ಹಿಟ್ಟು ಸವರಿ ಸುತ್ತಿ ಹಬೆಯಲ್ಲಿ ಬೇಯಿಸಿ, ಮಾರನೆಯ ದಿನ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ್ದು. ಮೊದಲ ರಾತ್ರಿಯೇ ಗೆಳತಿಗೆ ಅಜ್ಜಿಯ ವಿಷಯ ಹೇಳಿದೆ. ಅವಳ ಗಂಡ ತಮ್ಮ ಹೆಲ್ಮೆಟ್ಟನ್ನು ಒರೆಸಿ ಕೊಟ್ಟರು. ಹೊರಡುವ ಬೆಳಿಗ್ಗೆ ಅದನ್ನು ಹಿಂದಿನ ಸೀಟಿಗೆ ಹಗ್ಗ ಹಾಕಿ ಕಟ್ಟಿಕೊಂಡೆ.

ರಾತ್ರಿಯಿಡೀ ಮಳೆ ಹೊಯ್ದಿತ್ತು. ಪೇಟೆಯಲ್ಲಿ ಪೆಟ್ರೋಲು ಹಾಕಿಸುವಾಗ ಘಾಟಿಯಲ್ಲಿ ಮರ ಬಿದ್ದು, ಮಣ್ಣೂ ಜಾರಿ, ಗಾಡಿ ಬಿಡುತ್ತಿಲ್ಲ ಎಂದರು. ಯಾವಾಗ ಬಿಡುತ್ತಾರೋ ಗೊತ್ತಿಲ್ಲ, ಶಿರಾಡಿ ಮೇಲೆ ಹೋಗಿ ಮೇಡಂ, ಈಗ ಹೊರಟರೆ ಕತ್ತಲಾಗುವ ಮುಂಚೆ ಮೈಸೂರು. ಮರುದಿನ ನನಗೆ ಪರೀಕ್ಷೆಯ ಕೆಲಸ. ಗಡಿಯಾರ ನೋಡಿದೆ, ಒಂಬತ್ತು ಕಾಲು. ಗಾಡಿ ಧರ್ಮಸ್ಥಳದ ಕಡೆ ತಿರುಗಿಸಿದೆ.

ಗುಂಡ್ಯ, ಶಿರಾಡಿ, ಟ್ಯಾಂಕರುಗಳ ಹಿಂದೆ ಡೀಸೆಲ್ ಹೊಗೆ, ಸಕಲೇಶಪುರದಲ್ಲಿ ಬಿಸಿ ಕಾಫಿ. ಕಾಫಿ ಕುಡಿಯುವಾಗ ಹಿಂದಿನ ಸೀಟಿನ ಹೆಲ್ಮೆಟ್ ನೋಡಿದೆ. ಆಗ ಹೊಳೆಯಿತು. ಕಕ್ಕಿಂಜೆ ಇರುವುದು ಘಾಟಿಯ ಕೆಳಗೆ. ಮುಚ್ಚಿದ್ದು ಘಾಟಿ, ಕಕ್ಕಿಂಜೆಯ ದಾರಿಯಲ್ಲ. ಉಜಿರೆಯಿಂದ ಅರ್ಧ ಗಂಟೆಯೂ ಬೇಡ. ಹೋಗಿ, ಇವತ್ತು ಆಗಲ್ಲ ಅಜ್ಜಿ, ಮರ ಬಿದ್ದಿದೆ, ಎಂದು ಹೇಳಿ ಬರಬಹುದಿತ್ತು. ಅದು ನನಗೆ ಬೆಳಿಗ್ಗೆ ಹೊಳೆದಿರಲಿಲ್ಲ ಎಂದು ಇಲ್ಲಿ ಬರೆಯಬಹುದು. ಹೊಳೆದಿತ್ತು. ಗಡಿಯಾರ ನೋಡಿದ್ದು ಅದಕ್ಕೇ.

ಗೆಳತಿ ಮೊನ್ನೆ ಫೋನು ಮಾಡಿದಾಗ, ಇವರ ಹೆಲ್ಮೆಟ್ ಯಾವಾಗ ತರ್ತೀಯೇ ಎಂದು ಕೇಳಿದಳು. ಕೊರಿಯರ್ ಮಾಡಲಾ ಅಂದೆ. ಬೇಡ ಮಾರಾಯ್ತಿ, ನೀನೇ ಬಾ, ಅಂದಳು. ಅದು ಶೆಡ್ಡಿನಲ್ಲಿ ಗಾಡಿಯ ಕನ್ನಡಿಗೆ ತೂಗುಹಾಕಿದೆ. ಅದನ್ನು ತಲೆಗೆ ಹಾಕಿ ನೋಡಿದೆ ಒಮ್ಮೆ. ಗಂಡಸಿನ ಅಳತೆ, ನನಗೇ ಸಡಿಲ. ತುರುಬಿದ್ದರೂ ಕೂರುತ್ತಿತ್ತೇನೋ. ಆದರೆ ಅಜ್ಜಿ ಅವತ್ತು ಜಡೆ ಹಾಕಿಕೊಂಡೇ ಬಂದು ನಿಂತಿದ್ದಿರಬೇಕು.